ಗೂಡೆಗೆ ಬಿದ್ದ ಹೆಸರು

ಅರೆಕಲ್ಲುಪುರ, ಬೇಗೂರು ಹೋಬಳಿ
೯ ಜೂನ್ ೨೦೨೫

ಭವ್ಯ ಮೇಡಂ ಅವರಿಗೆ,

ನಿಮ್ಮ ‘ಗೂಡೆ’ ಜಾಲತಾಣದ ಪುಟದ ಅಡಿಯಲ್ಲಿ ‘ತೊಂದರೆಯಿದ್ದರೆ ಬರೆದು ತಿಳಿಸಿ’ ಎಂದು ಹಾಕಿದ್ದೀರಿ. ಬರೆದು ತಿಳಿಸುತ್ತಿದ್ದೇನೆ. ಫೋನಿನಲ್ಲೇ ಒತ್ತಿ ಕಳಿಸಬಹುದಿತ್ತಲ್ಲ ಎಂದು ನಗಬೇಡಿ. ಒತ್ತಿದ್ದು ಎಲ್ಲಿಗೆ ಹೋಯಿತೆಂದು ಒತ್ತಿದವನಿಗೇ ಗೊತ್ತಾಗುವುದಿಲ್ಲ. ಅಂಚೆಗೆ ಹಾಕಿದ್ದಕ್ಕೆ ನನ್ನ ಜಾವಕ ವಹಿಯಲ್ಲಿ ನಂಬರು ಇರುತ್ತದೆ. ನೀವೂ ಕಾಗದದಲ್ಲೇ ಉತ್ತರಿಸಿದರೆ ಫೈಲಿಗೆ ಸೇರಿಸಿಕೊಳ್ಳುತ್ತೇನೆ.

ನಾನು ಯಾರೆಂದು ನೆನಪಿರಲಿಕ್ಕಿಲ್ಲ. ಕಳೆದ ತಿಂಗಳು ಚಾಮರಾಜನಗರದಲ್ಲಿ ಹಳ್ಳಿ ಗ್ರಂಥಾಲಯದವರಿಗೆಲ್ಲ ನೀವು ಒಂದು ದಿನದ ತರಬೇತಿ ಕೊಟ್ಟಿರಿ. ಮಧ್ಯಾಹ್ನ ಪುಳಿಯೋಗರೆ ತಿಂದು ಎಲ್ಲರೂ ತೂಕಡಿಸುತ್ತಿದ್ದಾಗ ಎದ್ದು ನಿಂತು, ‘ಬಿಟ್ಟಿ ಅಂತೀರಲ್ಲ ಮೇಡಂ, ಇದ್ರಲ್ಲಿ ನಿಮ್ಗೇನ್ ಗಿಟ್ತದೆ?’ ಎಂದು ಕೇಳಿದವನು ನಾನು. ‘ಏನೂ ಇಲ್ಲ’ ಎಂದಿರಿ. ಬಸ್ಸಿನಲ್ಲಿ ಊರಿಗೆ ಬರುವಷ್ಟು ಹೊತ್ತೂ ಆ ಉತ್ತರವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಎಲ್ಲೂ ತೂತು ಕಾಣಲಿಲ್ಲ. ಅನುಮಾನ ಇನ್ನೂ ಜಾಸ್ತಿಯಾಯಿತು.

ನಾನು ನಿಮ್ಮ ಹಾಗೆ ಗ್ರಂಥಾಲಯ ವಿಜ್ಞಾನ ಓದಿದವನಲ್ಲ. ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಹೊರುವ ಲಾರಿಯಲ್ಲಿ ಒಂಬತ್ತು ವರ್ಷ ಕ್ಲೀನರಾಗಿದ್ದೆ. ಮಲಯಾಳಂ ಅಕ್ಷರ ಕಲಿತದ್ದು ಬತ್ತೇರಿಯ ಅಂಗಡಿ ಬೋರ್ಡು ನೋಡಿ. ಎಸ್ಸೆಸ್ಸೆಲ್ಸಿಗೆ ಓದಿದ್ದು ಟೊಮೆಟೊ ಕ್ರೇಟಿನ ಮೇಲೆ ಕೂತು. ಇಪ್ಪತ್ತೆರಡು ವರ್ಷದ ಕೆಳಗೆ ಪಂಚಾಯಿತಿಯವರು ಈ ಗ್ರಂಥಾಲಯದ ಬೀಗದ ಕೈ ಕೊಟ್ಟರು. ಅಂದಿನಿಂದ ಇಲ್ಲಿಂದ ಹೊರಗೆ ಹೋದ ಒಂದೊಂದು ಪುಸ್ತಕವೂ, ಯಾರು ಒಯ್ದರು, ಯಾವತ್ತು ತಂದರು, ಎಲ್ಲ ವಹಿಯಲ್ಲಿದೆ. ಒಂದು ಸಾಲು ಬಿಟ್ಟುಹೋಗಿಲ್ಲ.

ಇನ್ನು ತೊಂದರೆಗೆ ಬರುತ್ತೇನೆ. ನಮ್ಮ ಕಪಾಟಿಗೆ ಗೆದ್ದಲು ಹತ್ತಿತ್ತು. ಗೂಡೆಯಲ್ಲಿ ‘ಗೆದ್ದಲು’ ಎಂದು ಹಾಕಿ ಹುಡುಕಿದೆ. ಮೂವತ್ತೆಂಟು ಉತ್ತರ ಬಂತು, ಅದರಲ್ಲಿ ಹನ್ನೊಂದು ಮಲಯಾಳಂ. ಕನ್ನಡದಲ್ಲಿ ಕೇಳಿದವನಿಗೆ ಮಲಯಾಳಂ ಯಾಕೆ? ನಾನೇನೋ ಓದಬಲ್ಲೆ, ಉಮ್ಮತ್ತೂರಿನ ಗ್ರಂಥಾಲಯದವರು ಏನು ಮಾಡಬೇಕು? ಇದು ದೂರು. ಆದರೆ ಆ ಹನ್ನೊಂದರಲ್ಲೇ ಒಬ್ಬರು, ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಕಾಲುಗಳನ್ನು ಸುಟ್ಟ ಆಯಿಲು ತುಂಬಿದ ಡಬ್ಬಿಯಲ್ಲಿ ಇಡಿ ಎಂದು ಬರೆದಿದ್ದರು. ಇಟ್ಟೆ. ಗೆದ್ದಲು ನಿಂತಿತು. ಆದ್ದರಿಂದ ಈ ಕಾಗದವನ್ನು ದೂರು ಎಂದೂ ಇಟ್ಟುಕೊಳ್ಳಿ, ರಸೀತಿ ಎಂದೂ ಇಟ್ಟುಕೊಳ್ಳಿ.

ಇನ್ನು ಮೇಲೆ ನಾನೂ ಹಾಕುತ್ತೇನೆ. ‘ನಿಮ್ಮಲ್ಲಿ ದಿನಾ ನಡೆದದ್ದನ್ನು ಹಾಕಿ, ಸಣ್ಣದಾದರೂ ಪರವಾಗಿಲ್ಲ’ ಎಂದು ತರಬೇತಿಯಲ್ಲಿ ಹೇಳಿದಿರಿ. ನಮ್ಮಲ್ಲಿ ದಿನಾ ನಡೆಯುವುದು ಪುಸ್ತಕ ಹೋಗುವುದು, ಪುಸ್ತಕ ಬರುವುದು. ವಹಿಯ ಆ ದಿನದ ಪುಟವನ್ನು ಬಾಗಿಲು ಹಾಕುವ ಮುಂಚೆ ಏರಿಸುತ್ತೇನೆ, ಇದ್ದದ್ದು ಇದ್ದ ಹಾಗೆ.

ಉತ್ತರ ಬರುವವರೆಗೆ ಫೈಲು ತೆರೆದಿಟ್ಟಿರುವ,
ನಂಜುಂಡಪ್ಪ
ಮೇಲ್ವಿಚಾರಕ, ಗ್ರಾಮ ಪಂಚಾಯಿತಿ ಗ್ರಂಥಾಲಯ


ಚಾಮರಾಜನಗರ
೧೭ ಜೂನ್ ೨೦೨೫

ನಂಜುಂಡಪ್ಪನವರೇ,

ನಿಮ್ಮನ್ನು ಮರೆಯುವುದುಂಟೇ. ಆ ಮಧ್ಯಾಹ್ನ ಎಚ್ಚರವಾಗಿದ್ದವರು ನೀವೊಬ್ಬರೇ.

‘ಏನೂ ಇಲ್ಲ’ ಎಂದದ್ದು ಅರ್ಧ ಉತ್ತರ. ನಾನು ಈ ಕಾಲೇಜಿಗೆ ಗ್ರಂಥಪಾಲಕಿಯಾಗಿ ಬಂದಾಗ ಒಂಬತ್ತು ಸಾವಿರ ಪುಸ್ತಕದ ನಡುವೆ ಒಬ್ಬಳೇ ಇದ್ದೆ. ಏನಾದರೂ ಕೇಳಬೇಕೆಂದರೆ ಯಾರೂ ಇರಲಿಲ್ಲ. ನನ್ನ ಪ್ರಶ್ನೆಗೆ ಎಲ್ಲೋ ಯಾರೋ ಉತ್ತರ ಕಂಡುಕೊಂಡು ತಮ್ಮ ಪುಟದಲ್ಲಿ ಬರೆದಿರುತ್ತಿದ್ದರು, ಅದು ನನಗೆ ಸಿಗುತ್ತಿರಲಿಲ್ಲ. ಗೂಡೆ ಹೊಸದೇನನ್ನೂ ಮಾಡುವುದಿಲ್ಲ. ಡೈರಿ ವ್ಯಾನು ಊರೂರಿನ ಕ್ಯಾನು ಎತ್ತಿಕೊಂಡು ಬರುವ ಹಾಗೆ ಗಂಟೆಗೊಮ್ಮೆ ಸುತ್ತು ಹೊಡೆದು, ಯಾವ ಗ್ರಂಥಾಲಯ ತನ್ನ ಪುಟದಲ್ಲಿ ಹೊಸದೇನು ಹಾಕಿದೆಯೋ ಅದನ್ನು ತಂದು ಒಂದೇ ಕಡೆ ಸುರಿಯುತ್ತದೆ. ಆ ಕ್ಯಾನಿಗೆ ನಾವು ಫೀಡ್ ಎನ್ನುತ್ತೇವೆ. ಬೇಕಾದವರು ಬಂದು ಹುಡುಕಿಕೊಳ್ಳುತ್ತಾರೆ. ಗೂಡೆ, ಅಂದರೆ ಬುಟ್ಟಿ, ಎಂದು ಹೆಸರಿಟ್ಟವರು ಉಮ್ಮತ್ತೂರಿನಲ್ಲಿರುವ ನಮ್ಮಮ್ಮ ರಾಚಮ್ಮ. ನಾನು ವಿವರಿಸಿದ್ದನ್ನೆಲ್ಲ ಕೇಳಿ, ‘ತರೋದು ಸುರಿಯೋದು ಅಂದ್ರೆ ಗೂಡೆ ಕಣಮ್ಮಿ, ಅದಕ್ಕಿಷ್ಟು ಮಾತಾ?’ ಎಂದರು.

ಹಾಲಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಇದು ಕೆಡುವುದಿಲ್ಲ. ನೀವು ನಿಮ್ಮ ಪುಟದಿಂದ ಅಳಿಸಿದರೂ ಗೂಡೆಯಲ್ಲಿ ಪ್ರತಿ ಉಳಿಯುತ್ತದೆ. ಒಮ್ಮೆ ಬಿದ್ದದ್ದು ಕಳೆದುಹೋಗದು ಎಂಬುದೇ ನನ್ನ ಹೆಮ್ಮೆ. ಮಲಯಾಳಂ ಬಂದದ್ದೂ ನನ್ನದೇ ಕೆಲಸ, ಎರಡೂ ಭಾಷೆಯ ಪದಗಳನ್ನು ಜೋಡಿಸಿದ್ದೇನೆ. ಬೇಡದವರಿಗೆ ಬಾರದ ಹಾಗೆ ಒಂದು ಗುಂಡಿ ಇಡುತ್ತೇನೆ.

ನಿಮ್ಮ ಪುಟ ನೋಡಿದೆ. ಜಿಲ್ಲೆಯಲ್ಲಿ ದಿನ ತಪ್ಪದೆ ಹಾಕುತ್ತಿರುವ ಹಳ್ಳಿ ಗ್ರಂಥಾಲಯ ನಿಮ್ಮದೊಂದೇ. ಆಗಸ್ಟಿನಲ್ಲಿ ನಮ್ಮ ಕಾಲೇಜಿನ ಸಮಿತಿ ಗೂಡೆಯನ್ನು ನಡೆಸಬೇಕೋ ಮುಚ್ಚಬೇಕೋ ನೋಡುತ್ತದೆ. ಅವರಿಗೆ ತೋರಿಸಲು ನಿಮ್ಮಂಥ ಪುಟ ಬೇಕಿತ್ತು. ಹೀಗೆಯೇ ಹಾಕುತ್ತಿರಿ.

ಕಾಗದದ ಮೇಲೆ ಬರೆದು ಬಹಳ ದಿನವಾಗಿತ್ತು, ಕೈ ನೋಯುತ್ತಿದೆ.
ಭವ್ಯ


ಅರೆಕಲ್ಲುಪುರ
೧೮ ಆಗಸ್ಟ್ ೨೦೨೫

ಭವ್ಯ ಮೇಡಂ ಅವರಿಗೆ,

ನಾಡಿದ್ದು ಸಮಿತಿ ಎಂದು ಯಾರೋ ಹೇಳಿದರು. ಅಂಕಿ ಬೇಕಾದರೆ ತೆಗೆದುಕೊಳ್ಳಿ: ಜೂನ್ ಹತ್ತರಿಂದ ನಿನ್ನೆಯವರೆಗೆ ಅರೆಕಲ್ಲುಪುರದಿಂದ ಗೂಡೆಗೆ ನಾನೂರ ಹನ್ನೆರಡು ಸಾಲು. ಎರಡನೆಯ ಸ್ಥಾನದಲ್ಲಿರುವ ಹಳ್ಳಿಯದು ಹತ್ತೊಂಬತ್ತು. ನಾನು ಹೋಲಿಸುತ್ತಿಲ್ಲ, ತಿಳಿಸುತ್ತಿದ್ದೇನೆ.

ಮೂವರು ಬೈದು ಬರೆದಿದ್ದಾರೆ. ಮೈಸೂರಿನ ಒಬ್ಬರು, ‘ಹನಿ ನೀರಾವರಿ ಎಂದು ಹುಡುಕಿದರೆ ನಿಮ್ಮೂರಿನ ಚಿಕ್ಕಬಸವಯ್ಯನವರು ಆ ಪುಸ್ತಕ ಹಿಂದಿರುಗಿಸಿದ ಸುದ್ದಿ ಬರುತ್ತದೆ, ನನಗೆ ಅದರಿಂದೇನು’ ಎಂದು ಕೇಳಿದ್ದಾರೆ. ಆ ಪುಸ್ತಕ ನಮ್ಮಲ್ಲಿದೆ, ಅದನ್ನು ಒಬ್ಬ ರೈತ ಪೂರ್ತಿ ಓದಿದ್ದಾನೆ ಎಂದು ನಿಮಗೆ ಗೊತ್ತಾಯಿತಲ್ಲ, ನಿಮ್ಮ ಊರಿನಲ್ಲಿ ಅಷ್ಟಾದರೂ ಆಗಿದೆಯೇ ಎಂದು ಉತ್ತರ ಕೊಟ್ಟೆ. ಆಮೇಲೆ ಅವರು ಬರೆದಿಲ್ಲ.

ಚೆಂಡುಹೂವಿನ ಕಾಲ. ಓಣಂಗೆ ಹೂವು ಹೊತ್ತ ಗಾಡಿಗಳು ಗುಂಡ್ಲುಪೇಟೆ ದಾಟಿ ಸಾಲುಗಟ್ಟಿವೆ. ಹೂ ಕೀಳುವ ಹೆಂಗಸರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಮ್ಮಲ್ಲಿಗೆ ಬರುತ್ತಾರೆ. ಇದನ್ನು ಬರೆಯಲೇಬೇಕು, ಯಾಕೆಂದರೆ ಇಪ್ಪತ್ತೆರಡು ವರ್ಷ ನನ್ನ ವಹಿಯಲ್ಲಿ ದೊಡ್ಡ ಹೆಂಗಸಿನ ಹೆಸರೊಂದೂ ಇರಲಿಲ್ಲ. ಈಗ ಏಳು ಇವೆ. ಮೊದಲು ಬಂದವಳು ಮಂಗಮ್ಮ, ನಲವತ್ತನಾಲ್ಕು ವರ್ಷ. ಗಂಡ ತೀರಿದ ಮೇಲೆ ತೌರಿಗೆ ಬಂದಳು. ಹೆದ್ದಾರಿ ಪಕ್ಕದ ಅಪ್ಪನ ಒಂದೂವರೆ ಎಕರೆಯನ್ನು ಹದಿನಾಲ್ಕು ವರ್ಷದಿಂದ ಅವಳೇ ಮಾಡುತ್ತಿರುವುದು. ಹೋದ ವರ್ಷ ಅಪ್ಪನೂ ಹೋದ. ಅಕ್ಷರ ಕಲಿತದ್ದು ವಯಸ್ಕರ ಶಿಕ್ಷಣದಲ್ಲಿ. ಬಾಗಿಲ ಹೊರಗೇ ನಿಂತು, ‘ಎಂಗಸ್ರು ಒಳಕ್ ಬರಬೋದಾ?’ ಎಂದು ಕೇಳಿದಳು. ‘ಗಂಡಸ್ರಿಗೆ ಮಾತ್ರ ಅಂತ ಬೋರ್ಡಲ್ಲಿ ಎಲ್ಲದೆ ಕಣವ್ವ, ಬಾ,’ ಅಂದೆ. ಮಾರನೇ ವಾರ ಹಿಂದೆ ಆರು ಜನರನ್ನು ಕಟ್ಟಿಕೊಂಡು ಬಂದಳು.

ಒಂದೇ ಪುಸ್ತಕವನ್ನು ನಾಲ್ಕು ಸಲ ಬರೆಸಿಕೊಂಡಿದ್ದಾಳೆ. ಓದು ನಿಧಾನ, ಆದರೆ ಒಂದು ಅಕ್ಷರವನ್ನೂ ದಾಟುವುದಿಲ್ಲ. ಯಾವ ಪುಸ್ತಕವೆಂದು ನಾನು ಹೇಳಬೇಕಾಗಿಲ್ಲ, ಗೂಡೆಯಲ್ಲಿ ಹುಡುಕಿಕೊಳ್ಳಿ.

ಸಮಿತಿಯವರು ಏನೇ ಕೇಳಿದರೂ ನನ್ನ ಕಡೆಗೆ ತಿರುಗಿಸಿ.
ನಂಜುಂಡಪ್ಪ


ಅರೆಕಲ್ಲುಪುರ
೧೧ ಸೆಪ್ಟೆಂಬರ್ ೨೦೨೫

ಭವ್ಯ ಮೇಡಂ ಅವರಿಗೆ,

ನಮ್ಮ ಗ್ರಂಥಾಲಯದಿಂದ ಗೂಡೆಗೆ ಬಂದಿರುವ ಎಲ್ಲ ಸಾಲುಗಳನ್ನು ತೆಗೆದುಹಾಕಬೇಕು. ನಮ್ಮ ಪುಟದಿಂದ ನಾನು ಅಳಿಸಿದ್ದೇನೆ. ನಿಮ್ಮಲ್ಲಿ ಇನ್ನೂ ಕಾಣುತ್ತಿವೆ.

ಇದು ತುರ್ತು. ಫೋನು ಮಾಡಿದೆ, ನೀವು ಎತ್ತಲಿಲ್ಲ. ಒಳ್ಳೆಯದೇ ಆಯಿತು.

ನಂಜುಂಡಪ್ಪ


ಚಾಮರಾಜನಗರ
೧೬ ಸೆಪ್ಟೆಂಬರ್ ೨೦೨೫

ನಂಜುಂಡಪ್ಪನವರೇ,

ನಿಮ್ಮ ಪತ್ರ ಬಂದಾಗ ನಾನು ಸಂತೋಷದ ಸುದ್ದಿ ಬರೆಯುತ್ತಿದ್ದೆ. ಸಮಿತಿಯ ಆದೇಶ ಈಗಷ್ಟೇ ಕೈಸೇರಿತು, ಗೂಡೆಗೆ ಇನ್ನೊಂದು ವರ್ಷ ಕೊಟ್ಟಿದೆ. ‘ಹಳ್ಳಿಯವರು ಇದನ್ನೆಲ್ಲ ಬಳಸುತ್ತಾರೆಯೇ’ ಎಂದು ಅಧ್ಯಕ್ಷರು ಕೇಳಿದರು. ಅರೆಕಲ್ಲುಪುರದ ಪುಟ ತೆರೆದು ತೋರಿಸಿದೆ. ಅಲ್ಲಿಗೆ ಚರ್ಚೆ ಮುಗಿಯಿತು.

ಬೈದು ಬರೆದವರಿಂದ ನಿಮಗೆ ನೋವಾಗಿದೆ ಎಂದು ಕಾಣುತ್ತದೆ. ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮ ಸಾಲುಗಳು ಬೇರೆಯವರ ಹುಡುಕಾಟಕ್ಕೆ ಅಡ್ಡ ಬಾರದ ಹಾಗೆ ಮಾಡುತ್ತೇನೆ. ಆದರೆ ತೆಗೆಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಒಮ್ಮೆ ಬಿದ್ದದ್ದು ಕಳೆದುಹೋಗದು ಎಂದು ಎಲ್ಲರಿಗೂ ಮಾತು ಕೊಟ್ಟಿದ್ದೇನೆ. ಒಬ್ಬರು ಕೇಳಿದರೆಂದು ತೆಗೆದರೆ ನಾಳೆ ಇನ್ನೊಬ್ಬರು ಕೇಳುತ್ತಾರೆ.

ಫೋನು ಎತ್ತದಿದ್ದಕ್ಕೆ ಕ್ಷಮಿಸಿ, ತರಗತಿಯಲ್ಲಿದ್ದೆ. ಆದರೆ ‘ಒಳ್ಳೆಯದೇ ಆಯಿತು’ ಎಂದು ಯಾಕೆ ಬರೆದಿರಿ? ಅದೊಂದು ನನಗೆ ಅರ್ಥವಾಗಲಿಲ್ಲ.

ನಿಮ್ಮ ಮಾತಿಗೆ ಕಾಯುತ್ತಾ,
ಭವ್ಯ


ಅರೆಕಲ್ಲುಪುರ
೨೦ ಸೆಪ್ಟೆಂಬರ್ ೨೦೨೫

ಭವ್ಯ ಮೇಡಂ ಅವರಿಗೆ,

ಲಾರಿಯಲ್ಲಿ ಒಂಬತ್ತು ವರ್ಷ ಎರಡು ಭಾಷೆಯಲ್ಲಿ ಬೈಸಿಕೊಂಡವನು ನಾನು. ಮೈಸೂರಿನ ಗ್ರಂಥಪಾಲಕರು ಬಹುವಚನದಲ್ಲಿ ಬೈದರೆ ಅದನ್ನು ಸನ್ಮಾನವೆಂದೇ ಇಟ್ಟುಕೊಳ್ಳುತ್ತೇನೆ. ಕಾರಣ ಅದಲ್ಲ. ಬಾಯಲ್ಲಿ ಹೇಳಲು ಆಗುತ್ತಿರಲಿಲ್ಲ, ಅದಕ್ಕೇ ಫೋನು ಎತ್ತದಿದ್ದದ್ದು ಒಳ್ಳೆಯದಾಯಿತು ಎಂದೆ.

ಹತ್ತನೇ ತಾರೀಕು ಮಂಗಮ್ಮನ ತಮ್ಮ ರವಿಕುಮಾರ ಬಂದ. ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುತ್ತಾನೆ, ಮನೆ ನಿಮ್ಮ ಊರಿನಲ್ಲೇ. ಅವನ ಹೆಂಡತಿ ಹರ್ಷಿತಾ ಒಂದು ಶಾಲೆಯ ಗ್ರಂಥಾಲಯದಲ್ಲಿದ್ದಾಳೆ, ದಿನಾ ಗೂಡೆ ನೋಡುವವಳು. ಒಂದು ದಿನ ಸುಮ್ಮನೆ ಗಂಡನ ಊರಿನ ಹೆಸರು ಹಾಕಿ ನೋಡಿದ್ದಾಳೆ. ಸಿಕ್ಕಿದ್ದನ್ನು ಪ್ರಿಂಟು ತೆಗೆಸಿ ಅವನು ನನ್ನ ಮೇಜಿನ ಮೇಲೆ ಇಟ್ಟ.

‘ಸಾರ್, ಇದು ನೀವೇ ಆಕಿದ್ದಾ?’

ನನ್ನದೇ ಪುಟ, ನನ್ನದೇ ಸಾಲು. ‘ಊಂ ಕಣಪ್ಪ,’ ಅಂದೆ.

‘ಓದಿ, ಕೇಳನ.’

ಓದಿದೆ. ಮಂಗಮ್ಮ. ‘ತಂದೆಯ ಜಮೀನಿನಲ್ಲಿ ಹೆಣ್ಣುಮಕ್ಕಳ ಪಾಲು: ನೂರು ಪ್ರಶ್ನೆ, ನೂರು ಉತ್ತರ’. ಜುಲೈ ಒಂದರಂದು ಕೊಟ್ಟದ್ದು. ಹದಿನೈದಕ್ಕೆ ಮುಂದುವರಿಸಿದ್ದು. ಇಪ್ಪತ್ತೊಂಬತ್ತಕ್ಕೆ ಮತ್ತೆ. ಆಗಸ್ಟ್ ಹನ್ನೆರಡಕ್ಕೆ ಮತ್ತೆ, ಇಪ್ಪತ್ತಾರಕ್ಕೆ ಮತ್ತೆ.

‘ನಾನು ಪುಸ್ತಕ ಕೊಡೋನು ಕಣಪ್ಪ. ಓದೋದು ಬುಡೋದು ಅವ್ಳಿಗೆ ಸೇರಿದ್ದು.’

‘ನಿಮ್ಮೇಲೆ ನಂಗೇನ್ ಕ್ವಾಪ ಇಲ್ಲ ಸಾರ್. ನಮ್ಮಕ್ಕ ಎಲ್ಡು ತಿಂಗ್ಳಿಂದ, ಆಯ್ತು ಕಣ್ಲಾ, ಸೈನ್ ಆಕ್ತೀನಿ ಅಂತ್ಲೇ ಅವ್ಳೆ. ಒಳಗೊಳಗೇ ಏನ್ ಓದ್ತಾವ್ಳೆ ಅಂತ ನಂಗೆಂಗ್ ಗೊತ್ತಾಗದು? ನೀವು ತಾರೀಕು ಸಮೇತ ಬರ್ದಿಟ್ಟಿದ್ದು ಒಳ್ಳೇದಾಯ್ತು. ಉಪ್ಕಾರ ಆಯ್ತು ಬುಡಿ.’

ಕೈ ಕುಲುಕಿ ಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವಿಷಯ ಇಷ್ಟು. ಆ ಒಂದೂವರೆ ಎಕರೆಯನ್ನು ರವಿಕುಮಾರ ಹೆದ್ದಾರಿ ಹೋಟೆಲಿನವರಿಗೆ ಕೊಡಬೇಕೆಂದಿದ್ದಾನೆ. ಅದಕ್ಕೆ ಅಕ್ಕ, ಅಪ್ಪನ ಜಮೀನಿನಲ್ಲಿ ನನಗೇನೂ ಬೇಡ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ದೀಪಾವಳಿ ಕಳೆದ ಮೇಲೆ ರಿಜಿಸ್ಟ್ರಿ ಎಂದು ಮಾತಾಗಿತ್ತು. ಅಷ್ಟರೊಳಗೆ ನೂರು ಉತ್ತರವನ್ನೂ ಓದಿ ಮುಗಿಸಿ, ಅಧಿಕಾರಿಯ ಮುಂದೆಯೇ ಬಾಯಿ ಬಿಡುವುದು ಮಂಗಮ್ಮನ ಲೆಕ್ಕವಾಗಿತ್ತೆಂದು ಅವಳ ಪಕ್ಕದ ಮನೆಯವಳು ಆಮೇಲೆ ಹೇಳಿದಳು. ಅಲ್ಲಿಯವರೆಗೆ ಯಾರಿಗೂ ಗೊತ್ತಾಗಬಾರದಿತ್ತು. ಅವಳ ಕೈಯಲ್ಲಿದ್ದದ್ದು ಅದೊಂದೇ. ಅದನ್ನು ನಾನು ತಾರೀಕು ಸಮೇತ ಗೂಡೆಗೆ ಹಾಕಿದೆ. ಈಗ ರಿಜಿಸ್ಟ್ರಿಯನ್ನು ಅಕ್ಟೋಬರ್ ಹದಿಮೂರಕ್ಕೆ ಎಳೆದಿದ್ದಾರೆ. ಚಿಕ್ಕಪ್ಪಂದಿರು ಸರದಿಯ ಮೇಲೆ ಬಂದು ಅವಳ ಜಗುಲಿಯಲ್ಲಿ ಕೂರುತ್ತಿದ್ದಾರೆ. ಪುಸ್ತಕ ರವಿಕುಮಾರ ಬಂದ ಮಾರನೇ ಬೆಳಿಗ್ಗೆಯೇ ವಾಪಸು ಬಂತು, ಅದೇ ಪಕ್ಕದ ಮನೆಯವಳ ಕೈಲಿ, ಟವೆಲಿನಲ್ಲಿ ಸುತ್ತಿಕೊಂಡು. ಅರುವತ್ತೊಂದನೇ ಪ್ರಶ್ನೆಯ ಹಾಳೆ ಮಡಚಿತ್ತು. ಉಳಿದ ಆರು ಹೆಂಗಸರೂ ಬರುವುದು ಬಿಟ್ಟಿದ್ದಾರೆ.

ವಹಿಯನ್ನು ಮೊದಲಿಂದ ಮತ್ತೆ ನೋಡಿದೆ. ಎಲ್ಲೂ ತಪ್ಪಿಲ್ಲ. ಒಂದೊಂದು ಸಾಲೂ ಸರಿಯಿದೆ, ಅದೇ ಕಷ್ಟ.

ತೆಗೆಯಿರಿ ಮೇಡಂ.
ನಂಜುಂಡಪ್ಪ


ಚಾಮರಾಜನಗರ
೨೪ ಸೆಪ್ಟೆಂಬರ್ ೨೦೨೫

ನಂಜುಂಡಪ್ಪನವರೇ,

ತೆಗೆದಿದ್ದೇನೆ. ನಿಮ್ಮ ಪತ್ರ ಬಂದ ದಿನವೇ ಗೂಡೆಯನ್ನು ಸದ್ಯಕ್ಕೆ ಮುಚ್ಚಿ, ಅರೆಕಲ್ಲುಪುರದ ಎಲ್ಲ ಸಾಲುಗಳನ್ನೂ ಅವುಗಳ ಪ್ರತಿಗಳನ್ನೂ ಅಳಿಸಿದೆ. ಮೂಲದಲ್ಲಿ ಅಳಿಸಿದ್ದು ಇನ್ನು ಮೇಲೆ ಗೂಡೆಯಿಂದಲೂ ಹೋಗುತ್ತದೆ. ಕಳೆದುಹೋಗದು ಎಂಬ ಸಾಲನ್ನು ಪುಟದಿಂದ ತೆಗೆದೆ. ಹುಡುಕಿದಾಗ ಇನ್ನೂ ನಾಲ್ಕು ಗ್ರಂಥಾಲಯಗಳು ಓದುಗರ ಹೆಸರು ಹಾಕುತ್ತಿದ್ದದ್ದು ಕಂಡಿತು. ನಿಮ್ಮನ್ನು ನೋಡಿ ಶುರು ಮಾಡಿದವರು. ಅವರಿಗೂ ಹೇಳಿದ್ದೇನೆ.

ಆದರೆ ಈ ತಪ್ಪನ್ನು ನೀವೊಬ್ಬರೇ ನಿಮ್ಮ ಹೆಸರಿಗೆ ಬರೆದುಕೊಳ್ಳಬೇಡಿ. ಜೂನ್ ಹದಿನೇಳರಂದು ‘ನಿಮ್ಮ ಪುಟ ನೋಡಿದೆ’ ಎಂದು ಬರೆದಿದ್ದೆ. ನಿಜವಾಗಿಯೂ ನೋಡಿದ್ದೆ. ಓದುಗರ ಹೆಸರುಗಳು ಕಂಡಿದ್ದವು. ಯಾರು ಏನು ಓದುತ್ತಾರೆಂದು ಮೂರನೆಯವರಿಗೆ ಹೇಳಬಾರದು ಎನ್ನುವುದು ನಮಗೆ ಓದಿನ ಮೊದಲ ವಾರದಲ್ಲೇ ಕಲಿಸುವ ಪಾಠ. ನಿಮಗೆ ಬರೆಯಬೇಕೆಂದು ಪೆನ್ನು ತೆಗೆದಿದ್ದೆ. ಬರೆದರೆ ನೀವು ನಿಲ್ಲಿಸಿಬಿಡುತ್ತೀರಿ, ಸಮಿತಿಗೆ ತೋರಿಸಲು ಏನೂ ಇರುವುದಿಲ್ಲ ಎನ್ನಿಸಿತು. ‘ಹೀಗೆಯೇ ಹಾಕುತ್ತಿರಿ’ ಎಂದು ಬರೆದೆ. ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಿನ್ನೆ ಅಧ್ಯಕ್ಷರಿಗೆ ಇದನ್ನೇ ಹೇಳಿದೆ. ಗೂಡೆಯ ವಿಷಯವನ್ನು ಮತ್ತೆ ಚರ್ಚೆಗೆ ಇಟ್ಟಿದ್ದಾರೆ. ಇಟ್ಟುಕೊಳ್ಳಲಿ.

ಪ್ರಿಂಟಾಗಿ ಹೊರಗೆ ಹೋದ ಆ ಒಂದು ಹಾಳೆಯನ್ನು ಮಾತ್ರ ನಾನು ಅಳಿಸಲಾರೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರವಿಕುಮಾರ ಏನೆಂದ, ಚಿಕ್ಕಪ್ಪಂದಿರು ಎಲ್ಲಿ ಕೂರುತ್ತಾರೆ, ಎಲ್ಲ ಇದೆ. ನೀವು ಮಂಗಮ್ಮನವರ ಹತ್ತಿರ ಹೋದಿರೆಂದು ಎಲ್ಲೂ ಇಲ್ಲ.

ಭವ್ಯ


ಅರೆಕಲ್ಲುಪುರ
೯ ಅಕ್ಟೋಬರ್ ೨೦೨೫

ಭವ್ಯ ಅವರಿಗೆ,

ಮೇಡಂ ಎನ್ನುವುದನ್ನು ಬಿಟ್ಟಿದ್ದೇನೆ. ಒಂದೇ ತಪ್ಪಿಗೆ ಇಬ್ಬರೂ ಸಹಿ ಹಾಕಿದ ಮೇಲೆ ಅದು ಬೇಡ.

ನಿಮ್ಮ ಕೊನೆಯ ಸಾಲು ಓದಿ ಎರಡು ದಿನ ಸಿಟ್ಟಾಗಿದ್ದೆ. ಅದು ಇಳಿದಾಗ ಹೋಗಲು ಧೈರ್ಯವಿರಲಿಲ್ಲ. ಆಯುಧಪೂಜೆಯ ದಿನ ಕಪಾಟಿಗೂ ವಹಿಗೂ ಕುಂಕುಮ ಇಟ್ಟೆ, ಮಾರನೇ ಬೆಳಿಗ್ಗೆ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಅವಳ ಹೊಲಕ್ಕೆ ಹೋದೆ. ಮನೆಯ ಜಗುಲಿಯಲ್ಲಿ ಕಾವಲಿದೆ, ಹೊಲದಲ್ಲಿಲ್ಲ. ಹೂ ಕೀಳುತ್ತಿದ್ದಳು. ತಲೆ ಎತ್ತಲಿಲ್ಲ.

‘ನಮ್ ವಲದ್ ದಾರಿ ಉಡುಕಾಕೆ ಒಂದ್ ತಿಂಗ್ಳು ಬೇಕಾಯ್ತಾ ನಂಜುಂಡಪ್ಪಣ್ಣ?’

‘ತಪ್ಪಾಯ್ತು ಕಣವ್ವ. ನಿನ್ನೆಸ್ರ ಲೋಕಕ್ಕೆಲ್ಲ ಸಾರ್ಬುಟ್ಟೆ.’

‘ನಿನ್ ಬುಕ್ಕಲ್ಲಿ ಬರ್ಕೊ ಅಂದೆ. ಊರ್ ಗ್ವಾಡೆ ಮ್ಯಾಲೆ ಬರಿ ಅಂದ್ನಾ?’

‘ಇಲ್ಲ.’

‘ಮತ್ಯಾಕ್ ಬರ್ದೆ?’

‘ಎಚ್ಚಿಗೆ ಬರೆದ್ರೆ ಎಚ್ಚಿಗೆ ಎಸ್ರು ಬತ್ತದೆ ಅಂತ. ನಂಗೆ.’

ಅಷ್ಟು ನೇರವಾಗಿ ನನಗೆ ನಾನೂ ಹೇಳಿಕೊಂಡಿರಲಿಲ್ಲ. ಅವಳು ಒಂದು ಸಾಲು ಪೂರ್ತಿ ಕಿತ್ತು, ಸೊಂಟ ನೆಟ್ಟಗೆ ಮಾಡಿಕೊಂಡು, ‘ಪುಸ್ತಕ ತಂದಿದ್ದೀಯಾ?’ ಅಂದಳು.

‘ತಂದಿವ್ನಿ.’

‘ಮನೇಗ್ ತಗಂಡೋಗಾಕಾಗಕಿಲ್ಲ. ಇಲ್ಲೇ ಕುಂತ್ಕೊ. ಓದ್ಬುಟ್ಟು ಕೊಡ್ತೀನಿ.’

‘ಅಷ್ಟೊತ್ಗಂಟ ನಾನು ಊ ಕೀಳ್ಲಾ?’

‘ಬ್ಯಾಡ, ಮೊಗ್ಗೆಲ್ಲ ಕಿತ್ತಾಕ್ತೀಯ. ಸುಮ್ಕೆ ಕುಂತ್ಕೊ.’

ಬದುವಿನ ಮೇಲೆ ಸುಮ್ಮನೆ ಕೂತೆ. ಅವಳು ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದಿದಳು. ಒಂದು ಗಂಟೆಗೆ ನಾಲ್ಕು ಪ್ರಶ್ನೆ. ಆಮೇಲೆ ಪುಸ್ತಕ ನನ್ನ ಚೀಲಕ್ಕೆ, ನಾನು ಗ್ರಂಥಾಲಯದ ಬಾಗಿಲು ತೆಗೆಯಲಿಕ್ಕೆ. ಇವತ್ತಿಗೆ ಎಂಟು ದಿನ. ತೊಂಬತ್ತೆರಡು ಮುಗಿಯಿತು. ಈ ಎಂಟು ದಿನ ಒಂದು ಪುಸ್ತಕ ಹೊರಗೆ ಹೋಗಿ ಒಳಗೆ ಬಂದದ್ದು ವಹಿಯಲ್ಲಿಲ್ಲ. ಕೈ ತುರಿಸುತ್ತದೆ. ಬರೆದಿಲ್ಲ.

ನೀವು ಗೂಡೆಯನ್ನು ಮತ್ತೆ ತೆರೆದಿರೆಂದು ಗೊತ್ತಾಯಿತು. ‘ಓದುಗರ ಹೆಸರು’ ಎಂದು ಹಾಕಿ ಹುಡುಕಿದೆ. ಮಲಯಾಳಂ ಗುಂಡಿಯನ್ನು ಬೇಕೆಂದೇ ಒತ್ತಿದೆ. ವಯನಾಡಿನ ಒಂದು ಹಳ್ಳಿಯವರು ಬರೆದಿದ್ದಾರೆ: ಪುಸ್ತಕ ಹೊರಗಿರುವವರೆಗೆ ಓದುಗರ ಹೆಸರು ಒಂದು ಚೀಟಿಯ ಮೇಲೆ ಇರುತ್ತದೆ, ಪುಸ್ತಕ ಬಂದ ತಕ್ಷಣ ಆ ಚೀಟಿಯನ್ನು ಓದಿದವರ ಕೈಗೇ ಕೊಡುತ್ತಾರೆ, ಅವರು ಹರಿಯಲಿ ಇಟ್ಟುಕೊಳ್ಳಲಿ. ವಹಿಯಲ್ಲಿ ಉಳಿಯುವುದು ಪುಸ್ತಕದ ನಂಬರು, ಹೋದ ದಿನ, ಬಂದ ದಿನ. ಸೋಮವಾರದ ರಜೆಯಲ್ಲಿ ಕೂತು ಹೊಸ ವಹಿ ಗೆರೆ ಹಾಕಿದೆ. ಹೆಸರಿನ ಕಲಮು ಇಲ್ಲದ ವಹಿ ಮೊದಮೊದಲು ಬೋಳಾಗಿ ಕಂಡಿತು, ಈಗ ಅಭ್ಯಾಸವಾಗಿದೆ. ತನಿಖೆಯವರು ಬಂದು ಹೆಸರೆಲ್ಲಿ ಎಂದರೆ, ಪುಸ್ತಕ ಎಣಿಸಿಕೊಳ್ಳಿ ಸ್ವಾಮಿ, ಒಂದು ಕಮ್ಮಿಯಿದ್ದರೆ ನನ್ನನ್ನು ಕೇಳಿ ಎನ್ನುತ್ತೇನೆ. ಆ ಮಾತು ಹೇಳುವ ದಿನಕ್ಕೆ ಕಾಯುತ್ತಿದ್ದೇನೆ.

ಹದಿಮೂರು ಸೋಮವಾರ, ನನಗೆ ರಜೆ. ಗುಂಡ್ಲುಪೇಟೆಗೆ ನಾನೂ ಬರಲೇ ಎಂದು ಕೇಳಿದೆ. ‘ಬ್ಯಾಡ. ನೀನ್ ಬಂದ್ರೆ ನೀನೇ ಏಳ್ಕೊಟ್ಟೆ ಅಂತಾರೆ. ನಾನ್ ಓದಿರೋದು ನಿಂಗೋಯ್ತದೆ,’ ಅಂದಳು.

ಅವತ್ತು ನಾನು ಊರಲ್ಲೇ ಇರುತ್ತೇನೆ. ನೀವೂ ಅಲ್ಲಿಗೆ ಯಾರನ್ನೂ ಕಳಿಸಬೇಡಿ.
ನಂಜುಂಡಪ್ಪ


ಅರೆಕಲ್ಲುಪುರ
೬ ನವೆಂಬರ್ ೨೦೨೫

ಭವ್ಯ ಮೇಡಂ ಅವರಿಗೆ ಮಂಗಮ್ಮ ಬರೆಯುವುದು.

ನಾನು ಯಾರಿಗೂ ಕಾಗದ ಬರೆದವಳಲ್ಲ. ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ. ವಿಳಾಸ ನಂಜುಂಡಪ್ಪಣ್ಣನ ಹತ್ತಿರ ಇಸಕೊಂಡೆ. ಏನು ಬರೆಯುತ್ತೀಯ ಎಂದು ಕೇಳಿದರು. ಹೇಳಲಿಲ್ಲ.

ಹದಿಮೂರನೇ ತಾರೀಕು ರಿಜಿಸ್ಟ್ರಿ ಆಫೀಸಿಗೆ ಕರೆದುಕೊಂಡು ಹೋದರು. ತಮ್ಮ, ಇಬ್ಬರು ಚಿಕ್ಕಪ್ಪಂದಿರು, ನಾನು. ಅಲ್ಲಿಯವರು ‘ಓದಿ ಹೇಳಬೇಕೇನಮ್ಮ?’ ಅಂದರು. ‘ಬ್ಯಾಡ ಸ್ವಾಮಿ, ನಾನೇ ಓದ್ತೀನಿ,’ ಅಂದೆ. ನಾಲ್ಕು ಹಾಳೆ. ಹಿಂದೆ ಜನ ನಿಂತಿದ್ದರು. ‘ಬೇಗ ಬೇಗ’ ಅಂದರು. ‘ನಂಗೆ ಬೇಗ ಓದಾಕ್ ಬರಾಕಿಲ್ಲ,’ ಅಂದೆ. ಮೂರನೇ ಹಾಳೆಯಲ್ಲಿ ‘ಯಾರ ಒತ್ತಾಯವೂ ಇಲ್ಲದೆ ನನ್ನ ಸ್ವಂತ ಇಚ್ಛೆಯಿಂದ’ ಎಂದು ಇತ್ತು. ಅದರ ಮೇಲೆ ಬೆರಳಿಟ್ಟು, ‘ಸ್ವಾಮಿ, ಇದು ದಿಟ ಅಲ್ಲ. ನಂಗಿಷ್ಟ ಇಲ್ಲ,’ ಅಂದೆ. ಅಧಿಕಾರಿ ಪೆನ್ನು ಕೆಳಗಿಟ್ಟರು. ಅಲ್ಲಿಗೆ ನಿಂತಿತು.

ತಮ್ಮ ಹೊರಗೆ ಬಂದು, ‘ಮಾನ ಕಳದ್ಬುಟ್ಟೆ ಕಣಕ್ಕ,’ ಅಂದ. ‘ನಿನ್ನರ್ಧ ನೀ ತಕ್ಕೊ ಕಣ್ಲಾ. ನನ್ನರ್ಧ ಕೇಳ್ಬ್ಯಾಡ,’ ಅಂದೆ. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದೆವು. ಈಗ ಮಾತಿಲ್ಲ. ಅದು ನನಗೆ ನೋವೇ. ಕೋರ್ಟಿನಲ್ಲಿ ದುಡ್ಡಿಲ್ಲದೆ ವಕೀಲರನ್ನು ಕೊಡುತ್ತಾರೆಂದು ಎಂಬತ್ತೆಂಟನೇ ಉತ್ತರದಲ್ಲಿ ಇತ್ತು. ಹೋಗಿ ಕೇಳಿದೆ, ಕೊಟ್ಟಿದ್ದಾರೆ. ಅರಿಸಿನ ಹೊಲದಲ್ಲಿದೆ. ಈ ಸಲ ನಾನೇ ಅಗೆಯುತ್ತೇನೆ.

ಈಗ ವಿಷಯ. ನನ್ನ ಹೆಸರು ತೆಗೆದಿರಂತೆ. ಸರಿ. ಅದು ನಿಮ್ಮ ಕೆಲಸ, ಮೊದಲೇ ಮಾಡಬೇಕಿತ್ತು.

ಆದರೆ ಮೊನ್ನೆ ಬೇಗೂರು ಕಡೆಯ ಮಲ್ಲಿಗಮ್ಮ ಎಂಬವರು ನಮ್ಮ ಹೊಲಕ್ಕೆ ಹೂ ಕೀಳಲು ಬಂದಿದ್ದರು. ಅವರ ಮನೆಯಲ್ಲೂ ಇಂಥದ್ದೇ ನಡೆದಿದೆ. ಯಾರದೋ ಕೈಲಿ ನಿಮ್ಮ ಗೂಡೆಯಲ್ಲಿ ಹುಡುಕಿಸಿದರಂತೆ, ಅಂಥ ಪುಸ್ತಕ ಎಲ್ಲೂ ಇಲ್ಲ ಎಂದು ಬಂತಂತೆ. ಇಲ್ಲಿ ಕಪಾಟಿನಲ್ಲಿ ಇದೆ. ನಂಜುಂಡಪ್ಪಣ್ಣನನ್ನು ಕೇಳಿದೆ. ‘ಎಲ್ಲಾ ಸಾಲೂ ತೆಗ್ಸಿಬುಟ್ಟೆ ಕಣವ್ವ, ಇನ್ನು ಆಕಾಕೆ ಭಯ ಆಯ್ತದೆ,’ ಅಂದರು. ನೀವು ಹೆಸರಿನ ಜೊತೆಗೆ ಪುಸ್ತಕವನ್ನೂ ಅಳಿಸಿದ್ದೀರಿ. ಅದು ಸರಿಯಲ್ಲ.

ಪುಸ್ತಕದ ಹೆಸರನ್ನು ಮತ್ತೆ ಹಾಕಿ. ನಮ್ಮೂರಿನ ಹೆಸರು ಹಾಕಿ, ಬಾಗಿಲು ತೆಗೆಯುವ ಹೊತ್ತು ಹಾಕಿ. ಯಾರು ಓದಿದರು ಎಂಬುದು ಬೇಡ. ಇರುವುದು ಒಂದೇ ಪ್ರತಿ. ಬೇಕಾದವರು ಬಂದು ತೆಗೆದುಕೊಂಡು ಹೋಗಲಿ. ನನ್ನದು ಓದಿ ಮುಗಿದಿದೆ.

ಮಂಗಮ್ಮ